ನಾಲ್ಕನೇ ವಾರದ ಗುರಿಪಟ್ಟಿ: ಒಂಬತ್ತನೇ ತರಗತಿಯ ಒಂದು ಪ್ರಕರಣ

ಶಾಲೆ ತೆರೆಯುವ ಹೊತ್ತಿಗೆ ಬರೆದ ಗುರಿಪಟ್ಟಿ ಮೂರನೇ ವಾರ ದಾಟುವುದು ಅಪರೂಪ. ಇದು ಎಷ್ಟು ಮಾಮೂಲಿಯೆಂದರೆ ಏಕೆ ಹೀಗಾಯಿತು ಎಂದು ಯಾರೂ ಕೂತು ನೋಡುವುದಿಲ್ಲ. ‘ಹಟ ಸಾಲದು’ ಎಂಬ ಒಂದು ಮಾತಿನಲ್ಲಿ ವಿಚಾರಣೆ ಮುಗಿದುಹೋಗುತ್ತದೆ. ಇಲ್ಲಿ ಅಂಥ ಒಂದು ಪಟ್ಟಿಯನ್ನು ಬಿಡಿಬಿಡಿಯಾಗಿ ನೋಡೋಣ. ಇದರಲ್ಲಿ ಬರುವ ವಿದ್ಯಾರ್ಥಿನಿ ಯಾವುದೇ ಒಬ್ಬ ನಿಜವಾದ ಹುಡುಗಿಯಲ್ಲ. ಈ ವಯಸ್ಸಿನ ಮಕ್ಕಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಮಾದರಿ ಪ್ರಕರಣ ಇದು. ಅಂಕಗಳೂ ನಿಮಿಷಗಳೂ ಲೆಕ್ಕ ಕಣ್ಣಿಗೆ ಕಾಣಲೆಂದು ಕೊಟ್ಟವು. ಸಂಶೋಧನೆಗಳ ಮಾತು ಬಂದಲ್ಲಿ ಮಾತ್ರ ಅಂಕಿಗಳು ಪ್ರಕಟಿತ ಅಧ್ಯಯನಗಳಿಂದ ಬಂದವು.

ಮೊದಲ ದಿನದ ಹಾಳೆ

ವಯಸ್ಸು 14, ಒಂಬತ್ತನೇ ತರಗತಿ. ಹಿಂದಿನ ವರ್ಷದ ಕೊನೆಯ ಪರೀಕ್ಷೆಯಲ್ಲಿ ಗಣಿತಕ್ಕೆ 100ಕ್ಕೆ 46, ವಿಜ್ಞಾನಕ್ಕೆ 58, ಭಾಷೆಗಳಲ್ಲಿ 70ರ ಆಚೀಚೆ. ಮಂಗಳವಾರ, ಗುರುವಾರ ಶಾಲೆ ಬಿಟ್ಟ ಮೇಲೆ ಆಟದ ಅಭ್ಯಾಸ. ಶಾಲೆ ಶುರುವಾಗುವ ಹಿಂದಿನ ರಾತ್ರಿ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಮೂರು ಬಣ್ಣದ ಸ್ಕೆಚ್‌ಪೆನ್ನುಗಳಲ್ಲಿ, ಎಂಟು ಸಾಲು: ಎಲ್ಲ ವಿಷಯಕ್ಕೂ 90ರ ಮೇಲೆ, ಬೆಳಿಗ್ಗೆ 5ಕ್ಕೆ ಏಳುವುದು, ದಿನಕ್ಕೆ 4 ಗಂಟೆ ಓದು, ಫೋನ್ ಮುಟ್ಟುವುದಿಲ್ಲ, ಅಂದಿನ ಪಾಠ ಅಂದೇ, ಅಕ್ಷರ ದುಂಡಗೆ, ದಿನಾ ಓಟ, ತಿಂಗಳಿಗೊಂದು ಕಥೆಪುಸ್ತಕ.

ಮೊದಲ ವಾರ ಎಂಟರಲ್ಲಿ ಆರು ಸಾಲು ನಡೆದವು. ಎರಡನೇ ವಾರ ಮೂರು. ಮೂರನೇ ವಾರದ ಬುಧವಾರ ಆ ಪುಟ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಕೊಂಡಿತ್ತು, ಗೋಂದು ಹಾಕಿ. ಕಣ್ಣಿಗೆ ಬೀಳದಿರಲಿ ಎಂದು ಅವಳೇ ಅಂಟಿಸಿದ್ದು.

ಮೊದಲ ವಾರದ ಗೆಲುವಿನಲ್ಲಿ ಮೋಸವಿದೆ. ಆ ವಾರ ಹೋಂವರ್ಕ್ ಇರುವುದಿಲ್ಲ, ವೇಳಾಪಟ್ಟಿ ಪೂರ್ತಿ ಆಗಿರುವುದಿಲ್ಲ, ಆಟದ ಅಭ್ಯಾಸ ಶುರುವಾಗಿರುವುದಿಲ್ಲ, ಪಾಠ ಹಿಂದಿನ ವರ್ಷದ ಮೆಲುಕು. ಆ ಖಾಲಿ ಸಂಜೆಗಳನ್ನು ನೋಡಿ ಇಡೀ ವರ್ಷ ಹೀಗೇ ಇರುತ್ತದೆಂದು ಲೆಕ್ಕ ಹಾಕುವುದು ಹರಿಯದ ನದಿ ನೋಡಿ ಸೇತುವೆಯ ಎತ್ತರ ನಿರ್ಧರಿಸಿದ ಹಾಗೆ.

ಹೊಸ ಆರಂಭದ ಹುರುಪೇನೂ ಸುಳ್ಳಲ್ಲ. ಹೆಂಗ್ಚೆನ್ ಡಾಯ್, ಕೇಟಿ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾರದ, ತಿಂಗಳ, ವರ್ಷದ, ಶೈಕ್ಷಣಿಕ ಅವಧಿಯ ಆರಂಭದಲ್ಲಿ ವಿದ್ಯಾರ್ಥಿಗಳು ವ್ಯಾಯಾಮಶಾಲೆಗೆ ಹೋಗುವುದು ಹೆಚ್ಚುತ್ತದೆ. ಕ್ಯಾಲೆಂಡರಿನ ಒಂದು ಗೆರೆ ಹಳೆಯ ಸೋಲುಗಳನ್ನು ‘ಹಿಂದಿನ ನಾನು’ ಎಂಬ ಖಾತೆಗೆ ಬರೆದು ಮುಚ್ಚಲು ಸಹಾಯ ಮಾಡುತ್ತದೆ ಎಂಬುದು ಅವರ ವಿವರಣೆ. ಈ ಪ್ರಕರಣದಲ್ಲಿ ತೊಂದರೆ ಹುಟ್ಟಿದ್ದೂ ಅಲ್ಲಿಯೇ. ಹಳೆಯ ಖಾತೆ ಮುಚ್ಚುವ ಭರದಲ್ಲಿ ಅದರೊಳಗಿನ ಮಾಹಿತಿಯೂ ಮೂಲೆ ಸೇರಿತು. 46 ಅಂಕ ಬಂದ ಉತ್ತರಪತ್ರಿಕೆಯನ್ನು ಅವಳು ಒಮ್ಮೆಯೂ ತಿರುವಿ ನೋಡಿರಲಿಲ್ಲ. 54 ಅಂಕ ಎಲ್ಲಿ ಹೋಯಿತೆಂದು ಗೊತ್ತಿಲ್ಲದೆ 90ರ ಗುರಿ ಇಟ್ಟಾಗಿತ್ತು.

ಗುರಿಯಿಲ್ಲದ ಒಂದು ವಾರ

ನಾಲ್ಕನೇ ವಾರ ಯಾವ ಗುರಿಯೂ ಬೇಡ ಎಂದು ತೀರ್ಮಾನವಾಯಿತು. ಕೆಲಸ ಎರಡೇ: ಸಂಜೆಯ ನಿಮಿಷಗಳನ್ನು ಇದ್ದಂತೆ ಬರೆದಿಡುವುದು, ಹಳೆಯ ಉತ್ತರಪತ್ರಿಕೆಯನ್ನು ವಿಂಗಡಿಸುವುದು.

ನಿಮಿಷ ಬರೆಯುವುದರಲ್ಲಿ ಒಂದು ನಿಯಮ ಮುಖ್ಯ. ರಾತ್ರಿ ನೆನಪಿಸಿಕೊಂಡು ಬರೆದರೆ ಲೆಕ್ಕ ತಪ್ಪುತ್ತದೆ, ಓದಿದ ಹೊತ್ತು ಹಿಗ್ಗುತ್ತದೆ, ಸುಮ್ಮನೆ ಕೂತ ಹೊತ್ತು ಕುಗ್ಗುತ್ತದೆ. ಕೆಲಸ ಬದಲಾದಾಗಲೆಲ್ಲ ಗಡಿಯಾರ ನೋಡಿ ಒಂದು ಸಾಲು ಗೀಚಬೇಕು. ಐದು ದಿನ ಸಾಕು. ಅವಳ ಲೆಕ್ಕ ಹೀಗೆ ಬಂತು: ಮನೆ ಸೇರುವುದು 4:45, ಮಲಗುವುದು 10. ನಡುವೆ 315 ನಿಮಿಷ. ಊಟ, ತಿಂಡಿ, ಸ್ನಾನ, ಮನೆಗೆಲಸ, ಸುಮ್ಮನೆ ಮಾತುಕತೆ ಎಲ್ಲ ಸೇರಿ 135. ಹೋಂವರ್ಕ್ ಸರಾಸರಿ 65. ಉಳಿದದ್ದು 115 ನಿಮಿಷ. ಅಭ್ಯಾಸದ ದಿನ ಇನ್ನೂ 75 ಕಳೆದು 40.

‘ದಿನಕ್ಕೆ 4 ಗಂಟೆ’ ಎಂದರೆ 240 ನಿಮಿಷ. ಅಷ್ಟು ನಿಮಿಷ ಆ ಮನೆಯ ಸಂಜೆಯಲ್ಲಿ ಇರಲೇ ಇಲ್ಲ. ಇಲ್ಲದ ಹಣಕ್ಕೆ ಚೆಕ್ ಬರೆದು ಬ್ಯಾಂಕನ್ನು ಬೈದ ಹಾಗಾಗಿತ್ತು, ಮೂರು ವಾರ ತನ್ನನ್ನು ತಾನು ಬೈದುಕೊಂಡದ್ದು.

5 ಗಂಟೆಗೆ ಏಳುವ ಸಾಲಿನದೂ ಇದೇ ಕತೆ. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯಕೀಯ ಅಕಾಡೆಮಿ ಹೇಳುತ್ತದೆ. 10ಕ್ಕೆ ಮಲಗಿ 5ಕ್ಕೆ ಎದ್ದರೆ ಸಿಗುವುದು 7. ಬೇಗ ಏಳಬೇಕಾದರೆ 9ಕ್ಕೆ ದೀಪ ಆರಬೇಕು, ಆಗ ಸಂಜೆಯ 60 ನಿಮಿಷ ಹೋಗುತ್ತದೆ. ಬೆಳಗಿನ ಒಂದು ಗಂಟೆ ಉಚಿತವಾಗಿ ಬರುವುದಿಲ್ಲ, ಸಂಜೆಯಿಂದ ಕಡ ಬರುತ್ತದೆ. ಹಾಳೆಯಲ್ಲಿ ಎರಡೂ ಸಾಲುಗಳು ಒಂದರ ಕೆಳಗೊಂದು ಇದ್ದವು, ಒಂದು ಇನ್ನೊಂದರ ಹೊತ್ತನ್ನು ಕದಿಯುತ್ತಿದೆ ಎಂಬುದು ಮಾತ್ರ ಬರೆದವಳಿಗೆ ಕಂಡಿರಲಿಲ್ಲ.

ಉತ್ತರಪತ್ರಿಕೆ ಹೇಳಿದ್ದು

ಇಡೀ ಪ್ರಕರಣದ ತಿರುಳು ಈ ಅರ್ಧ ಗಂಟೆಯ ಕೆಲಸದಲ್ಲಿದೆ. ಗಣಿತದ ಪತ್ರಿಕೆಯಲ್ಲಿ ಹೋದ 54 ಅಂಕವನ್ನೂ ನಾಲ್ಕು ಬುಟ್ಟಿಗೆ ಹಾಕಲಾಯಿತು. ಬರೆಯದೇ ಬಿಟ್ಟ ಪ್ರಶ್ನೆಗಳಿಂದ 19. ಚಿಹ್ನೆ, ಆವರಣಗಳ ತಪ್ಪಿನಿಂದ 16. ದಾರಿ ಸರಿ ಹಿಡಿದು ನಡುವೆ ನಿಂತದ್ದರಿಂದ 11. ಸೂತ್ರವೇ ಗೊತ್ತಿಲ್ಲದ್ದು 8.

‘ನನಗೆ ಗಣಿತ ಬರಲ್ಲ’ ಎನ್ನುವ ಹುಡುಗಿಗೆ ನಿಜವಾಗಿಯೂ ಏನೂ ಗೊತ್ತಿಲ್ಲದೆ ಹೋದದ್ದು 8 ಅಂಕ ಮಾತ್ರ. 16 ಅಂಕ ಒಂದೇ ಬಗೆಯ ತಪ್ಪಿಗೆ ಹೋಗಿತ್ತು. ಗೊತ್ತಿಲ್ಲದ ಸಂಖ್ಯೆಯನ್ನು ‘ಅ’ ಎಂದಿಟ್ಟುಕೊಳ್ಳಿ. 7 − 3(ಅ − 4) ಎಂಬುದನ್ನು ಅವಳು 7 − 3ಅ − 12 ಎಂದು ಬಿಡಿಸುತ್ತಿದ್ದಳು. ಆವರಣದ ಮುಂದಿನ ಋಣಚಿಹ್ನೆ ಮೊದಲ ಪದಕ್ಕೆ ತಗುಲುತ್ತಿತ್ತು, ಎರಡನೆಯದಕ್ಕೆ ತಲುಪುತ್ತಿರಲಿಲ್ಲ. ಸರಿಯಾದದ್ದು 7 − 3ಅ + 12, ಅಂದರೆ 19 − 3ಅ. ಅವಳದು −5 − 3ಅ. ಅಲ್ಲಿಂದ ಮುಂದಿನ ಆರು ಸಾಲೂ ಕ್ರಮಬದ್ಧ, ಅಚ್ಚುಕಟ್ಟು. ಉತ್ತರ ಮಾತ್ರ ತಪ್ಪು.

ಈ ತಪ್ಪನ್ನು ಮನೆಯಲ್ಲಿ ‘ಗಡಿಬಿಡಿ’ ಎಂದು ಕರೆಯುತ್ತಿದ್ದರು. ಗಡಿಬಿಡಿಯಿಂದ ಆದ ತಪ್ಪು ಒಮ್ಮೆ ಒಂದು ಕಡೆ, ಇನ್ನೊಮ್ಮೆ ಇನ್ನೊಂದು ಕಡೆ ಆಗುತ್ತದೆ. ಪ್ರತಿ ಸಲ ಒಂದೇ ಜಾಗದಲ್ಲಿ ಆದರೆ ಅದು ತಪ್ಪಾಗಿ ಕಲಿತ ನಿಯಮ. ‘ಇನ್ನು ಮೇಲೆ ಎಚ್ಚರದಿಂದ ಬರೆಯುತ್ತೇನೆ’ ಎಂಬ ಸಂಕಲ್ಪ ಅದನ್ನು ಎಂದಿಗೂ ಸರಿ ಮಾಡದು.

ಎರಡನೇ ಹಾಳೆ

ನಾಲ್ಕನೇ ವಾರದ ಶನಿವಾರ ಬರೆದ ಹೊಸ ಹಾಳೆಯಲ್ಲಿ ಎರಡೇ ಸಾಲು. ನೀಲಿ ಪೆನ್ನು, ಅಲಂಕಾರವಿಲ್ಲ.

ಗಣಿತ: ಸೋಮ, ಬುಧ, ಶುಕ್ರ, ಶನಿ, ದಿನಕ್ಕೆ 25 ನಿಮಿಷ, 5 ಲೆಕ್ಕ. ಮೂರು ಹಳೆಯ ಅಧ್ಯಾಯದ್ದು, ಎರಡು ಹೊಸತು. ಬಿಡಿಸಿದ ಮಾದರಿ ಮುಚ್ಚಿಟ್ಟು ಮಾಡಬೇಕು. ಶನಿವಾರ ಆವರಣದ 10 ಲೆಕ್ಕದ ಪರೀಕ್ಷೆ, ಸತತ ಎರಡು ಶನಿವಾರ 9 ಸರಿಯಾದರೆ ಆ ಗುರಿ ಮುಗಿಯಿತು.

ವಿಜ್ಞಾನ: ಮಂಗಳ, ಗುರು, 15 ನಿಮಿಷ. ಖಾಲಿ ಹಾಳೆಯ ಮೇಲೆ ಆ ವಾರದ ಪಾಠವನ್ನು ನೆನಪಿನಿಂದ ಬರೆಯುವುದು. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪಿನಲ್ಲಿ ಸೇರಿಸುವುದು.

90 ಎಂಬ ಸಂಖ್ಯೆ ಎಲ್ಲಿಯೂ ಇಲ್ಲ. ಅಂಕದ ಗುರಿ ಕೆಟ್ಟದ್ದೆಂದು ಅಲ್ಲ. ‘ಆದಷ್ಟು ಚೆನ್ನಾಗಿ ಮಾಡು’ ಎನ್ನುವುದಕ್ಕಿಂತ ನಿರ್ದಿಷ್ಟ, ಕಷ್ಟದ ಗುರಿ ಹೆಚ್ಚು ಕೆಲಸ ಮಾಡಿಸುತ್ತದೆ ಎಂಬುದನ್ನು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಳ ಕಾಲ ತೋರಿಸಿದ್ದಾರೆ. ಆದರೆ ಕೆಲಸ ಮಾಡುವ ಬಗೆಯೇ ಇನ್ನೂ ಕೈಗೆ ಹತ್ತದಿದ್ದಾಗ ಫಲಿತಾಂಶದ ಗುರಿಗಿಂತ ಕಲಿಕೆಯ ಗುರಿ ಮೇಲು. ಸೋಮವಾರ ಸಂಜೆ ಮೇಜಿನ ಮುಂದೆ ಕೂತ ಮಗುವಿಗೆ ‘90’ ಎಂಬುದು ಯಾವ ಪುಟ ತೆರೆಯಬೇಕೆಂದು ಹೇಳುವುದಿಲ್ಲ. ‘5 ಲೆಕ್ಕ, ಮೂರು ಹಳೆಯದು’ ಹೇಳುತ್ತದೆ.

ದೊಡ್ಡದನ್ನು ಹೀಗೆ ತುಂಡು ಮಾಡುವುದರ ಬಗ್ಗೆ 1981ರ ಒಂದು ಪ್ರಯೋಗವನ್ನು ಪ್ರತಿ ಶಿಕ್ಷಕರೂ ತಿಳಿದಿರಬೇಕು. ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶುಂಕ್ ಲೆಕ್ಕದಲ್ಲಿ ಹಿಂದುಳಿದ, ಆಸಕ್ತಿಯೂ ಇಲ್ಲದ ಮಕ್ಕಳಿಗೆ ಕಳೆಯುವ ಲೆಕ್ಕಗಳ 42 ಪುಟ ಕೊಟ್ಟರು, ಏಳು ಅವಧಿಗಳಲ್ಲಿ ಮಾಡಲು. ಒಂದು ಗುಂಪಿಗೆ ‘ಪ್ರತಿ ಅವಧಿಗೆ 6 ಪುಟ’ ಎಂದರು, ಇನ್ನೊಂದಕ್ಕೆ ‘ಏಳು ಅವಧಿ ಮುಗಿಯುವುದರೊಳಗೆ 42 ಪುಟ’ ಎಂದರು. ಗಣಿತದ ದೃಷ್ಟಿಯಿಂದ ಎರಡೂ ಒಂದೇ ಮಾತು. ಆದರೆ 6 ಪುಟದ ಮಕ್ಕಳು ಕೌಶಲದಲ್ಲೂ ತಮ್ಮ ಮೇಲಿನ ನಂಬಿಕೆಯಲ್ಲೂ ಆಸಕ್ತಿಯಲ್ಲೂ ಮುಂದೆ ಹೋದರು. 42 ಪುಟದ ದೂರದ ಗುರಿ, ಗುರಿಯೇ ಇಲ್ಲದ ಮಕ್ಕಳಿಗಿಂತ ಹೆಚ್ಚಿನ ಪ್ರಯೋಜನ ಕೊಡಲಿಲ್ಲ.

ವಿಜ್ಞಾನದ ಖಾಲಿ ಹಾಳೆಗೂ ಕಾರಣವಿದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಪಠ್ಯಭಾಗವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು: ಮತ್ತೆ ಓದಿದವರಿಗೆ ನೆನಪಿದ್ದದ್ದು ಶೇ. 42, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ಶೇ. 56. ಮತ್ತೆ ಮತ್ತೆ ಓದಿದಾಗ ‘ಗೊತ್ತಾಯಿತು’ ಎನಿಸುವುದು ಆ ಮೊದಲ ಐದು ನಿಮಿಷದ ಮಾಯೆ. ಅವಳ ಮೊದಲ ಖಾಲಿ ಹಾಳೆಯಲ್ಲಿ ನೀಲಿ ನಾಲ್ಕು ಸಾಲು, ಕೆಂಪು ಹದಿನೇಳು ಸಾಲು ಇದ್ದವು. ಅದನ್ನು ನೋಡಿ ಎದೆಗುಂದುವುದು ಸಹಜ, ಅದಕ್ಕೇ ಕೆಂಪು ಸಾಲುಗಳನ್ನು ಎಣಿಸಬಾರದೆಂದು ಮೊದಲೇ ಮಾತಾಗಿತ್ತು. ಎರಡು ದಿನದ ನಂತರ ಹೊಸ ಹಾಳೆ ಶುರುವಾಗುವುದೇ ಹಿಂದಿನ ಕೆಂಪು ಸಾಲುಗಳಿಂದ.

ಮೊದಲ ಹಾಳೆಯ ಉಳಿದ ಸಾಲುಗಳಲ್ಲಿ ಫೋನಿನದನ್ನು ಗುರಿಯಾಗಿ ಇಡದೆ ವ್ಯವಸ್ಥೆಯಾಗಿ ಮಾಡಲಾಯಿತು. ಚಾರ್ಜರ್‌ನ ಜಾಗ ಬೇರೆ ಕೋಣೆಗೆ ಹೋಯಿತು, ಅಷ್ಟೇ. ಹೊಸ ಆರಂಭದ ಹುರುಪು ಇಂಥ ಒಮ್ಮೆ ಮಾಡಿ ಮುಗಿಸುವ ಕೆಲಸಗಳಿಗೆ ಹೇಳಿ ಮಾಡಿಸಿದ್ದು: ಮೇಜು ಖಾಲಿ ಮಾಡುವುದು, ಹಳೆಯ ಪತ್ರಿಕೆ ಹುಡುಕಿ ಫೈಲ್ ಮಾಡುವುದು, ಚಾರ್ಜರ್ ಸ್ಥಳಾಂತರ. ಮೊದಲ ವಾರದ ಶಕ್ತಿಯನ್ನು ಇವಕ್ಕೆ ಖರ್ಚು ಮಾಡಿ, ದಿನನಿತ್ಯದ ಗುರಿಯನ್ನು ನಾಲ್ಕನೇ ವಾರಕ್ಕೆ ಬಿಡುವುದೇ ಜಾಣತನ ಎಂಬುದು ನಮ್ಮ ಅಭಿಪ್ರಾಯ. ಅಕ್ಷರ, ಓಟ, ಕಥೆಪುಸ್ತಕ ಮೂರೂ ‘ಆಮೇಲೆ’ ಎಂಬ ಪಟ್ಟಿಗೆ ಹೋದವು.

ಐದನೇ ವಾರ: ಎರಡು ಸಲ ಎಡವಿದ್ದು

ಯಾವಾಗ ಕೂರುವುದು ಎಂಬುದನ್ನು ಮೊದಲು ‘7 ಗಂಟೆಗೆ’ ಎಂದು ಬರೆದರು. ಸೋಮವಾರ 7ಕ್ಕೆ ಹೋಂವರ್ಕ್ ಅರ್ಧದಲ್ಲಿತ್ತು. ಮುಗಿಸಿ ಏಳುವಾಗ 7:20. ‘ಹೇಗೂ 7 ಆಗಿಹೋಯಿತು’ ಎಂದು ಗಣಿತ ಆ ದಿನ ತಪ್ಪಿತು. ಗಡಿಯಾರದ ಮುಳ್ಳು ಯಾರಿಗೂ ಕಾಯುವುದಿಲ್ಲ. ದಾಟಿತೆಂದರೆ ಸೂಚನೆಯೂ ಹೋಯಿತು.

‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂಬ ರೂಪದ ಯೋಜನೆ ಬರಿಯ ಉದ್ದೇಶಕ್ಕಿಂತ ಹೆಚ್ಚು ನಡೆಯುತ್ತದೆ ಎಂಬುದನ್ನು ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ತೋರಿಸುತ್ತ ಬಂದಿದ್ದಾರೆ. ಅದರಂತೆ ಬುಧವಾರ ಸೂಚನೆ ಬದಲಾಯಿತು: ‘ಹೋಂವರ್ಕ್ ಪುಸ್ತಕ ಬ್ಯಾಗಿಗೆ ಹೋದ ಕೂಡಲೇ ಗಣಿತದ ಪುಸ್ತಕ ಹೊರಗೆ.’ ಘಟನೆಗೆ ಕಟ್ಟಿದ ಸೂಚನೆ, ನೋಡಲು ಸರಿಯಾಗಿಯೇ ಇತ್ತು. ಆ ದಿನ ಹೋಂವರ್ಕ್ ಮುಗಿದದ್ದು 9:10ಕ್ಕೆ. ಕಣ್ಣು ಎಳೆಯುತ್ತಿತ್ತು. ಮತ್ತೆ ತಪ್ಪಿತು.

ಶುಕ್ರವಾರ ಕ್ರಮವನ್ನೇ ತಿರುಗಿಸಿದರು. ತಿಂಡಿಯ ತಟ್ಟೆ ತೊಳೆದಿಟ್ಟ ಕೂಡಲೇ ಗಣಿತ, ಆಮೇಲೆ ಹೋಂವರ್ಕ್. ಮನೆಯವರಿಗೆ ಇದು ತಲೆಕೆಳಗು ಎನಿಸಿತು, ಶಾಲೆಯ ಕೆಲಸ ಮೊದಲಲ್ಲವೇ ಎಂದು. ಆದರೆ ಹೋಂವರ್ಕ್‌ಗೆ ಹೊರಗಿನ ಗಡುವು ಇದೆ, ನಾಳೆ ಕೇಳುವವರಿದ್ದಾರೆ, ಎಷ್ಟು ಹಿಂದೆ ತಳ್ಳಿದರೂ ಅದು ಎಳೆದುಕೊಂಡು ಮುಗಿಯುತ್ತದೆ. ತಾನೇ ಇಟ್ಟುಕೊಂಡ ಗುರಿಗೆ ಕೇಳುವವರಿಲ್ಲ. ಕೇಳುವವರಿಲ್ಲದ ಕೆಲಸವೇ ಮುಂದಿನ ಸಾಲಿನಲ್ಲಿ ಕೂರಬೇಕು. ಶುಕ್ರವಾರ, ಶನಿವಾರ ಎರಡೂ ದಿನ ನಡೆಯಿತು. ಆಮೇಲೆ ಈ ಕ್ರಮ ಬದಲಾಗಲಿಲ್ಲ.

ಜೊತೆಗೆ ಒಂದು ತಪ್ಪುಗಳ ಪುಸ್ತಕ. ಪುಟಕ್ಕೆ ಮೂರು ಕಾಲಂ: ಯಾವ ಲೆಕ್ಕ, ನಾನು ಬರೆದದ್ದು, ಆಗ ತಲೆಯಲ್ಲಿ ಇದ್ದದ್ದು. ಮೂರನೆಯ ಕಾಲಮ್ಮಿನಲ್ಲಿ ‘ಗಡಿಬಿಡಿ’, ‘ಎಚ್ಚರ ತಪ್ಪಿತು’ ಎಂದು ಬರೆಯುವಂತಿಲ್ಲ. ಒಂದು ಸಾಲು ಹೀಗಿದೆ: ‘ಋಣ ಚಿಹ್ನೆ 3ಕ್ಕೆ ಮಾತ್ರ ಸೇರಿದ್ದು ಅಂದುಕೊಂಡೆ, 4ರ ಹಿಂದೆ ಬೇರೆ ಋಣ ಇದೆ ಅಂತ ಹಾಗೇ ಇಳಿಸಿದೆ.’ ಇದನ್ನು ಓದಿದ ಯಾವ ಶಿಕ್ಷಕರಿಗೂ ಎಲ್ಲಿ ಕೈ ಹಾಕಬೇಕೆಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಜ್ವರ, ಬಾಕಿ, ಕಿರುಪರೀಕ್ಷೆ

ಆರನೇ ವಾರ ಮೂರು ದಿನ ಜ್ವರ. ಎರಡು ಗಣಿತದ ಸರದಿ ತಪ್ಪಿದವು. ಗುರಿಪಟ್ಟಿಗಳು ಹೆಚ್ಚಾಗಿ ಸಾಯುವುದು ತಪ್ಪಿದ ದಿನ ಅಲ್ಲ, ಅದರ ಮರುದಿನ, ‘ಬಾಕಿ ತೀರಿಸುತ್ತೇನೆ’ ಎಂದು ಕೂತಾಗ. 10 ಲೆಕ್ಕ ಬಾಕಿ, ಇಂದಿನದು 5, ಒಟ್ಟು 15. ಆ ಗುಡ್ಡ ನೋಡಿ ಪುಸ್ತಕ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಹಾಳೆಯ ಕೆಳಗೆ ಮೊದಲೇ ಬರೆದಿತ್ತು: ಬಾಕಿ ಸೊನ್ನೆ, ಸುಸ್ತಿದ್ದ ದಿನ 2 ಲೆಕ್ಕ ಸಾಕು. ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ 96 ಜನರ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯೇನೂ ಆಗಲಿಲ್ಲ. ಅದೇ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿ ನಡೆಯುವ ಹಂತಕ್ಕೆ ಬರಲು ಹಿಡಿದದ್ದು 18ರಿಂದ 254 ದಿನ, ಮಧ್ಯದ ಅಂಕಿ 66. ಜನ ಹೇಳುವ ‘21 ದಿನ’ವನ್ನು ನಂಬಿ ನಾಲ್ಕನೇ ವಾರಕ್ಕೆ ನಿರಾಶರಾಗುವ ಮಕ್ಕಳಿಗೆ ಇಷ್ಟು ಹೇಳಿದರೂ ಉಪಕಾರ.

ಏಳನೇ ವಾರದ ಕಿರುಪರೀಕ್ಷೆಯಲ್ಲಿ ಗಣಿತಕ್ಕೆ 20ಕ್ಕೆ 11. ಮನೆಯಲ್ಲಿ ಮುಖ ಸಣ್ಣಗಾಯಿತು; ಓದಿಗೆ ಇನ್ನೊಂದು ಗಂಟೆ ಸೇರಿಸೋಣ ಎಂಬ ಮಾತು ಬಂತು. ಹೋದ 9 ಅಂಕವನ್ನು ಬುಟ್ಟಿಗೆ ಹಾಕಿದಾಗ: ಚಿಹ್ನೆಯ ತಪ್ಪಿಗೆ 1, ನಡುವೆ ನಿಂತದ್ದಕ್ಕೆ 3, ಬಿಟ್ಟ ಪ್ರಶ್ನೆಗೆ 5. ಹಿಡಿದ ಕೆಲಸ ಆಗುತ್ತಿತ್ತು, ಹಿಡಿಯದೇ ಬಿಟ್ಟದ್ದು ಹಾಗೇ ಇತ್ತು. ಬಿಟ್ಟವೆಲ್ಲ ಮಾತಿನ ಲೆಕ್ಕಗಳು. ಹೊತ್ತು ಹೆಚ್ಚಿಸಲಿಲ್ಲ, ಒಳಗಿನ ಸರಕು ಬದಲಾಯಿತು: 5 ಲೆಕ್ಕದ ಬದಲು 3, ಅದರಲ್ಲಿ ಒಂದು ಮಾತಿನದು. ಅದಕ್ಕೆ ಮೊದಲು ಎರಡು ಸಾಲು ಬರೆಯಬೇಕು, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ. ಉತ್ತರ ಬರದಿದ್ದರೂ ಆ ಎರಡು ಸಾಲಿದ್ದರೆ ಆ ದಿನದ ಲೆಕ್ಕ ಆಯಿತೆಂದೇ ಅರ್ಥ.

ಶನಿವಾರದ ಆವರಣದ ಪರೀಕ್ಷೆ 6, 7, 9, 8, 9, 9 ಎಂದು ಸಾಗಿ ಹತ್ತನೇ ವಾರಕ್ಕೆ ಆ ಗುರಿ ಮುಗಿಯಿತು.

ಮನೆಯವರ ಪಾಲಿನ ಬಗ್ಗೆ ಒಂದು ಮಾತು. ಹಾಳೆಯನ್ನು ಮೊದಲು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿದ್ದರು. ಬಂದವರೆಲ್ಲ ಓದಿ ‘ಎಷ್ಟಾಯಿತು?’ ಎನ್ನತೊಡಗಿದಾಗ ಅವಳು ಮಾಡದ ದಿನಕ್ಕೂ ಟಿಕ್ ಹಾಕಿದಳು. ಆ ಟಿಕ್ ಸುಳ್ಳಾದ ಕ್ಷಣಕ್ಕೆ ಹಾಳೆ ಕೆಲಸಕ್ಕೆ ಬಾರದ್ದಾಯಿತು. ಹಾಳೆ ಪುಸ್ತಕದೊಳಗೆ ಹೋಯಿತು. ದಿನಾ ಕೇಳುವುದರ ಬದಲು ಭಾನುವಾರ 10 ನಿಮಿಷ, ಮೂರು ಪ್ರಶ್ನೆ: ಎಷ್ಟು ಸಲ ಕೂತೆ, ಎಲ್ಲಿ ತಪ್ಪಿತು, ಮುಂದಿನ ವಾರ ಏನು ಬದಲಿಸುತ್ತೀ? ಸಲಹೆ ಕೇಳಿದರೆ ಮಾತ್ರ.

ಹದಿಮೂರನೇ ವಾರ

ಐದರಿಂದ ಹನ್ನೆರಡನೇ ವಾರದವರೆಗೆ ಗಣಿತಕ್ಕೆ ಇದ್ದ ಸರದಿ 32. ಪೂರ್ತಿ ನಡೆದದ್ದು 25, ಎರಡೇ ಲೆಕ್ಕದ ದಿನಗಳು 3, ತಪ್ಪಿದ್ದು 4.

ಅವಧಿ ಪರೀಕ್ಷೆಯಲ್ಲಿ ಗಣಿತ 63, ವಿಜ್ಞಾನ 64. ಭಾಷೆಯೊಂದು 74ರಿಂದ 69ಕ್ಕೆ ಇಳಿಯಿತು. ಆ ಸಂಜೆಗಳಲ್ಲಿ ಗಣಿತಕ್ಕೆ ಹೋದ ಹೊತ್ತು ಎಲ್ಲಿಂದಲೋ ಬಂದದ್ದೇ ತಾನೆ. ಗಣಿತದಲ್ಲಿ ಹೋದ 37 ಅಂಕದ ಬುಟ್ಟಿಗಳು: ಚಿಹ್ನೆ 4, ಬಿಟ್ಟದ್ದು 9, ಸೂತ್ರ 9, ನಡುವೆ ನಿಂತದ್ದು 15. ಕೊನೆಯದು ಹಿಂದಿನ ವರ್ಷ 11 ಇತ್ತು, ಈಗ ಏರಿದೆ. ಬರಿಯ ಸಂಖ್ಯೆ ನೋಡಿದವರು ಇಲ್ಲಿ ಹಿನ್ನಡೆ ಎನ್ನುತ್ತಾರೆ. ಮೊದಲು ಮುಟ್ಟದೇ ಬಿಡುತ್ತಿದ್ದ ಪ್ರಶ್ನೆಗಳನ್ನು ಈಗ ಶುರು ಮಾಡಿ ನಡುವೆ ನಿಲ್ಲುತ್ತಿದ್ದಾಳೆ. ಒಂದು ಬುಟ್ಟಿಯಿಂದ ಎದ್ದ ಅಂಕ ಇನ್ನೊಂದರಲ್ಲಿ ಕೂತಿದೆ. ಸೂತ್ರದ ಬುಟ್ಟಿ 8ರಿಂದ 9 ಆದದ್ದು ಮಾತ್ರ ಯಾರೂ ಕೈ ಹಾಕದ ಕೆಲಸ.

ಆ 15ರಲ್ಲಿ 8 ಅಂಕ ರೇಖಾಗಣಿತದ ಸಾಧನೆಗಳಿಗೆ, ಅಂದರೆ ಹೆಜ್ಜೆ ಹೆಜ್ಜೆಯಾಗಿ ಸಾಧಿಸಿ ತೋರಿಸುವ ಲೆಕ್ಕಗಳಿಗೆ ಹೋಗಿತ್ತು, ಪ್ರತಿ ಸಲ ಮೂರನೇ ಹೆಜ್ಜೆಯಲ್ಲಿ. ಎರಡನೇ ಅವಧಿಯ ಹಾಳೆ ಅಲ್ಲಿಂದ ಶುರುವಾಯಿತು. ಬುಧವಾರದ ಮೂರು ಲೆಕ್ಕದ ಜಾಗದಲ್ಲಿ ಒಂದೇ ಸಾಧನೆ, ಪ್ರತಿ ಹೆಜ್ಜೆಯ ಎದುರು ‘ಏಕೆಂದರೆ’ ಎಂಬ ಕಾಲಂ ಸಮೇತ. ಮಂಗಳವಾರದ 15 ನಿಮಿಷ ಭಾಷೆಗೆ ಬಿಟ್ಟುಕೊಟ್ಟು, ವಿಜ್ಞಾನ ಗುರುವಾರಕ್ಕೆ ಮಾತ್ರ ಉಳಿಯಿತು. ‘ಆಮೇಲೆ’ ಪಟ್ಟಿಯಿಂದ ಕಥೆಪುಸ್ತಕವನ್ನು ಮೇಲೆ ತರಬಹುದೇ ಎಂದು ಅವಳು ಕೇಳಿದಳು. ಭಾನುವಾರದ ಮಾತಿನಲ್ಲಿ ನಿಮಿಷಗಳ ಲೆಕ್ಕ ಮತ್ತೆ ತೆಗೆದು ನೋಡಿದರು. ಸೋಮವಾರದ 115ರಲ್ಲಿ ಜಾಗವಿತ್ತು.